ಲಕೋಟೆ ಹೇಳಿದ ಗುಂಪು

ಮೇಷ್ಟ್ರು ಕನ್ನಡಿಯ ಮುಂದೆ ನಿಂತು ಗಡ್ಡ ಹೆರೆದುಕೊಳ್ಳುತ್ತಿದ್ದಾಗ ಒಳಗಿನ ಕೋಣೆಯಲ್ಲಿ ಮಗು ಅಳತೊಡಗಿತು. ಬೇರೆ ದಿನವಾಗಿದ್ದರೆ ಅರ್ಧ ಮುಖದ ನೊರೆಯಲ್ಲೇ ಓಡಿಹೋಗಿ ಮೊಮ್ಮಗಳನ್ನು ಎತ್ತಿಕೊಂಡು, ಕೂಸಿನ ಬಾಯಿಗೆ ಸೋಪು ಹೋಗುತ್ತದೆಂದು ಹೆಂಡತಿಯ ಕೈಲಿ ಬೈಸಿಕೊಳ್ಳುತ್ತಿದ್ದರು. ಇವತ್ತು ಹೋಗಲಿಲ್ಲ. ಗದ್ದದ ಕೆಳಗಿನ ಕೂದಲನ್ನು ಅಗತ್ಯಕ್ಕಿಂತ ನಿಧಾನವಾಗಿ ಹೆರೆಯುತ್ತಾ ನಿಂತರು. ಎರಡು ವಾರದ ಕೂಸಿನ ಅಳುವಿನಲ್ಲಿ ಹಸಿವಿರುತ್ತದೆಯೇ ಹೊರತು ಆರೋಪ ಇರುವುದಿಲ್ಲ, ಅಷ್ಟು ಅವರಿಗೂ ಗೊತ್ತಿತ್ತು. ಆದರೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ಥಿತಿಗೆ ಬಂದವನಿಗೆ ಯಾರು ಏನು ಕೂಗಿದರೂ ತನ್ನನ್ನೇ ಕೂಗಿದಂತೆ. ಮಗಳು ಬಾಗಿಲಿಗೆ ಬಂದು, "ಅಪ್ಪ, ನನ್ನ ಪಕ್ಕದ ಮಂಚದಲ್ಲಿ ಇದ್ಲಲ್ಲ ಬಟನ್ ಅಕ್ಕ, ನಾಲ್ಕು ದಿನದಿಂದ ಫೋನೇ ಎತ್ತುತಿಲ್ಲ. ಆಸ್ಪತ್ರೇಲಿ ಯಾರಿಗಾದ್ರೂ ಗೊತ್ತಾ ಕೇಳ್ತೀಯಾ?" ಎಂದಳು. ಅವಳ ಕೆನ್ನೆ ತುಂಬಿಕೊಂಡಿತ್ತು. ನಿದ್ದೆಗೆಟ್ಟಿದ್ದರೂ ಮುಖದಲ್ಲಿ ಕಳೆಯಿತ್ತು. "ಕೇಳ್ತೀನಿ," ಎಂದರು ಮೇಷ್ಟ್ರು. ಕೇಳುವುದಕ್ಕೆ ಏನೂ ಉಳಿದಿರಲಿಲ್ಲ. ಹಿಂದಿನ ದಿನ ಸಂಜೆಯೇ ಆಸ್ಪತ್ರೆಯ ಮೆಟ್ಟಿಲ ಮೇಲೆ ಎದುರಾದ ಹೆರಿಗೆ ವಾರ್ಡಿನ ಹಿರಿಯ ಸಿಸ್ಟರ್ ದನಿ ತಗ್ಗಿಸಿ, "ಸಾರ್, ಆ ಹುಡುಗಿ ವಾಪಸ್ ಬಂದಿದಾಳೆ. ಜ್ವರ. ಬಂದಾಗ ಮೈ ಕೆಂಡ ಆಗಿತ್ತು," ಎಂದು ಹೇಳಿಹೋಗಿದ್ದಳು. ಯಾವ ಹುಡುಗಿ ಎಂದು ಅವಳು ಹೇಳಲಿಲ್ಲ, ಇವರೂ ಕೇಳಲಿಲ್ಲ. ಕೇಳದೆ ಇರುವುದರಲ್ಲಿ ಮೇಷ್ಟ್ರು ಈಚೆಗೆ ಪಳಗಿಬಿಟ್ಟಿದ್ದರು.

ಆಸ್ಪತ್ರೆಯ ಮೂರನೇ ಮಹಡಿಯ ಮೂಲೆಯಲ್ಲಿದ್ದ ಅವರ ಕೋಣೆ ಒಂದು ಕಾಲದಲ್ಲಿ ಒಗೆದ ಬಟ್ಟೆ ಇಡುವ ಉಗ್ರಾಣವಾಗಿತ್ತು. ಈಗಲೂ ಕಿಟಕಿ ಮುಚ್ಚಿದರೆ ಗಂಜಿ ಹಾಕಿದ ದುಪ್ಪಟಿಯ ವಾಸನೆ ಬರುತ್ತಿತ್ತು. ಒಂದು ಕಂಪ್ಯೂಟರು, ಕಾಲು ಕುಂಟುವ ಒಂದು ಕುರ್ಚಿ, ಬಾಗಿಲ ಮೇಲೆ ಸಂಖ್ಯಾಶಾಸ್ತ್ರ ಎಂಬ ಹಲಗೆ. ಪ್ರಬಂಧ ಬರೆಯುವ ಎಳೆಯ ಡಾಕ್ಟರುಗಳು ಆ ಹಲಗೆಯ ಕೆಳಗೆ ಚಪ್ಪಲಿ ಬಿಡದೆ, ಕುರ್ಚಿ ಇಲ್ಲದೆ ನಿಂತುಕೊಂಡು, "ಸಾರ್, ಇದಕ್ಕೆ ಯಾವ ಟೆಸ್ಟ್ ಹಾಕ್ಲಿ?" ಎಂದು ಕೇಳುತ್ತಿದ್ದರು, ಅಂಗಡಿಯಲ್ಲಿ ಕೆಮ್ಮಿಗೆ ಯಾವ ಔಷಧಿ ಎಂದು ಕೇಳುವ ಹಾಗೆ. ಮೊದಲು ಪ್ರಶ್ನೆ ಏನು ಹೇಳಿ, ಆಮೇಲೆ ಪರೀಕ್ಷೆ ಎಂದು ಮೇಷ್ಟ್ರು ಗದರುತ್ತಿದ್ದರು. ಅಳೆದದ್ದೋ ಎಣಿಸಿದ್ದೋ? ಒಬ್ಬರನ್ನೇ ಎರಡು ಸಲ ನೋಡಿದ್ದೋ, ಇಬ್ಬರನ್ನು ಒಂದೊಂದು ಸಲ ನೋಡಿದ್ದೋ? ಉತ್ತರ ನೋಡಿ ಆದಮೇಲೆ ಪರೀಕ್ಷೆ ಹುಡುಕುವವನು, ಬಾಣ ಬಿಟ್ಟು ಆಮೇಲೆ ಅದರ ಸುತ್ತ ಗುರಿ ಬರೆಯುವವನು. ಈ ಮಾತನ್ನು ಅವರು ಎಷ್ಟು ಸಲ ಹೇಳಿದ್ದರೆಂದರೆ ಕೆಳಗಿನ ಕ್ಯಾಂಟೀನಿನಲ್ಲಿ ಹುಡುಗರು ಅವರ ದನಿಯಲ್ಲೇ ಅಣಕ ಮಾಡುತ್ತಿದ್ದರು. ಅದು ಅವರಿಗೆ ಗೊತ್ತಿತ್ತು, ಒಳಗೊಳಗೇ ಹೆಮ್ಮೆಯೂ ಇತ್ತು.

ಇವತ್ತು ತೆರೆಯ ಮೇಲಿದ್ದದ್ದು ಯಾರದೋ ಪ್ರಬಂಧವಲ್ಲ. ಇಡೀ ಹೆರಿಗೆ ವಿಭಾಗ ಎರಡು ವರ್ಷದಿಂದ ಮಾಡಿಕೊಂಡು ಬಂದ ಅಧ್ಯಯನ. ಸಹಜವಾಗಿ ಹೆತ್ತು, ತಾಯಿ ಮಗು ಇಬ್ಬರೂ ಚೆನ್ನಾಗಿರುವವರನ್ನು ಒಂದೇ ದಿನಕ್ಕೆ ಮನೆಗೆ ಕಳಿಸಬಹುದೇ, ಮೂರು ದಿನ ಇಟ್ಟುಕೊಳ್ಳಬೇಕೇ ಎಂಬುದು ಪ್ರಶ್ನೆ. ಯಾರು ಯಾವ ಗುಂಪಿಗೆ ಎಂಬುದನ್ನು ಡಾಕ್ಟರೂ ನಿರ್ಧರಿಸುವಂತಿರಲಿಲ್ಲ, ನರ್ಸೂ ನಿರ್ಧರಿಸುವಂತಿರಲಿಲ್ಲ. ಒಪ್ಪಿಕೊಂಡ ತಾಯಿಯ ಎದುರಿಗೆ ಅಂಟಿಸಿದ ಲಕೋಟೆಯೊಂದನ್ನು ಒಡೆಯಬೇಕು, ಒಳಗಿನ ಚೀಟಿ ಏನು ಹೇಳುತ್ತದೋ ಅದು. ಹದಿನೈದು ದಿನದೊಳಗೆ ಜ್ವರವೋ ರಕ್ತಸ್ರಾವವೋ ಆಗಿ ಆಸ್ಪತ್ರೆಗೆ ವಾಪಸ್ಸಾದವರು ಯಾವ ಗುಂಪಿನಲ್ಲಿ ಎಷ್ಟು ಎಂದು ಎಣಿಸುವುದು. ಮೊದಮೊದಲು ವಾರ್ಡಿನಲ್ಲಿ ಲಕೋಟೆಯನ್ನು ಟ್ಯೂಬ್‌ಲೈಟಿಗೆ ಹಿಡಿದು ಒಳಗಿನದು ಓದಿ, ಪಾಪದವರಿಗೆ ಮೂರು ದಿನ, ಗಟ್ಟಿಮುಟ್ಟಾದವರಿಗೆ ಒಂದು ದಿನ ಎಂದು ಹಂಚುತ್ತಿದ್ದದ್ದು ಮೇಷ್ಟ್ರಿಗೆ ಗೊತ್ತಾಗಿ, ತಾವೇ ಪೇಟೆಗೆ ಹೋಗಿ ಕರಿ ಕಾಗದ ತಂದು, ರಜಾದಿನಗಳಲ್ಲಿ ಹೆಂಡತಿಯನ್ನೂ ಕೂರಿಸಿಕೊಂಡು ಒಂದೊಂದು ಲಕೋಟೆಗೂ ಒಳಪದರ ಹಾಕಿದ್ದರು. ಅವತ್ತಿನಿಂದ ಅವರು ಲಕೋಟೆ ಮೇಷ್ಟ್ರು. ಒಬ್ಬ ಎಳೆಯ ಡಾಕ್ಟರ್ ಹುಡುಗಿಯ ಸ್ವಂತ ಅಕ್ಕನಿಗೆ ಒಂದು ದಿನದ ಚೀಟಿ ಬಂದು, ಆ ಹುಡುಗಿ ಕಣ್ಣಲ್ಲಿ ನೀರು ತುಂಬಿಕೊಂಡು ಬಂದು ಬದಲಾಯಿಸಿಕೊಡಿ ಎಂದಾಗ ಮೇಷ್ಟ್ರು ಎಲ್ಲರ ಎದುರಿಗೇ, "ನಿಮ್ಮ ಅಕ್ಕನಿಗೊಂದು ನ್ಯಾಯ, ಊರವರ ಅಕ್ಕಂದಿರಿಗೊಂದು ನ್ಯಾಯನಾ?" ಎಂದು ಕೇಳಿದ್ದರು. ಆಕೆ ಈಗಲೂ ಎದುರಾದರೆ ಗೋಡೆ ನೋಡಿಕೊಂಡು ಹೋಗುತ್ತಾಳೆ.

ಒಂದು ದಿನದ ಗುಂಪಿನಲ್ಲಿ ವಾಪಸ್ ಬಂದವರು ಹನ್ನೊಂದು, ಮೂರು ದಿನದ ಗುಂಪಿನಲ್ಲಿ ನಾಲ್ಕು. ಎರಡೂ ಗುಂಪಿನಲ್ಲಿ ನೂರೈವತ್ತು ನೂರೈವತ್ತು ತಾಯಂದಿರು. ಇಂಥ ಸಣ್ಣ ಎಣಿಕೆಗೆ ಫಿಷರ್ ಪರೀಕ್ಷೆ ಎಂದು ಅಧ್ಯಯನ ಶುರುವಾಗುವ ಮೊದಲೇ ಬರೆದಿಟ್ಟಿದ್ದರು. ಗುಂಡಿ ಒತ್ತಿದರು. ಎರಡು ಗುಂಪಿಗೂ ನಿಜವಾಗಿ ಯಾವ ವ್ಯತ್ಯಾಸ ಇಲ್ಲದಿದ್ದರೂ ಬರೀ ಆಕಸ್ಮಿಕದಿಂದ ಇಷ್ಟು ಅಂತರ, ಅಥವಾ ಇದಕ್ಕೂ ಹೆಚ್ಚು, ಕಾಣಿಸುವ ಸಂಭವ ನೂರಕ್ಕೆ ಹನ್ನೊಂದರ ಹತ್ತಿರ. ವ್ಯತ್ಯಾಸ ನಿಜವೆನ್ನಲು ಐದಕ್ಕಿಂತ ಕೆಳಗಿಳಿಯಬೇಕು, ಗೆರೆ ಇರುವುದು ಅಲ್ಲಿ. ಅಂದರೆ ಗೆರೆ ದಾಟಲಿಲ್ಲ. ಕೈ ಸುಮ್ಮನಿರದೆ ಕೈ-ಸ್ಕ್ವೇರ್ ಎಂಬ ಇನ್ನೊಂದು ಪರೀಕ್ಷೆಯನ್ನೂ ಹಾಕಿ ನೋಡಿದರು, ಹುಡುಗರಿಗೆ ಮಾಡಬೇಡಿ ಎಂದು ಗದರುವ ಕೆಲಸವನ್ನೇ. ಅದು ಆರು ಚಿಲ್ಲರೆಗೆ ಇಳಿಯಿತು, ದಾಟಲಿಲ್ಲ. ಆಮೇಲೆ ಅವರ ಕೈ, ಅವರನ್ನು ಕೇಳದೆ ಎಂದೇ ಹೇಳಬೇಕು, ಇಬ್ಬರು ತಾಯಂದಿರ ಸಾಲನ್ನು ಹುಡುಕಿ, ಇವಳನ್ನು ಅಲ್ಲಿಗೆ ಅವಳನ್ನು ಇಲ್ಲಿಗೆ ಹಾಕಿತು. ಹನ್ನೆರಡು ಮತ್ತು ಮೂರು. ಅದೇ ಫಿಷರ್ ಪರೀಕ್ಷೆ. ನೂರಕ್ಕೆ ಮೂರರ ಆಸುಪಾಸು. ಗೆರೆ ದಾಟಿತ್ತು. ಮೇಷ್ಟ್ರು ಎದ್ದು ಹೋಗಿ ಕಿಟಕಿ ತೆರೆದರು.

ಇಡೀ ಅಧ್ಯಯನದಲ್ಲಿ ಲಕೋಟೆಯ ಮಾತು ಮೀರಿ ನಡೆದದ್ದು ಆ ಇಬ್ಬರೇ ಇಬ್ಬರ ವಿಷಯದಲ್ಲಿ. ಬೇರೆಲ್ಲ ಕಡೆ ಕರಿ ಕಾಗದ ಕೆಲಸ ಮಾಡಿತ್ತು, ಮೇಷ್ಟ್ರ ಬಾಯಿ ಕೆಲಸ ಮಾಡಿತ್ತು. ಬೇಲಿ ಅಷ್ಟು ಗಟ್ಟಿಯಾಗಿತ್ತು, ಬೇಲಿಯೇ ಎದ್ದು ಹೊಲ ಮೇಯುವವರೆಗೆ. ಮಗಳಿಗೆ ಹೆರಿಗೆಯಾದ ದಿನ ಅವಳು ಅಧ್ಯಯನಕ್ಕೆ ಒಪ್ಪಬೇಕೆಂದು ಹೇಳಿದವರೂ ಅವರೇ. "ನಾನೇ ಕಟ್ಟಿದ್ದು ಇದು, ನೀನೇ ಬೇಡ ಅಂದ್ರೆ ಜನ ನಗ್ತಾರೆ," ಎಂದಿದ್ದರು. ಅವಳು ಸುಸ್ತಾಗಿದ್ದಳು, ಸಹಿ ಹಾಕಿದಳು. ಸಿಸ್ಟರ್ ಲಕೋಟೆ ಒಡೆದಳು. ಒಂದು ದಿನ. ಮೇಷ್ಟ್ರು ನಕ್ಕು, "ಸರಿ ಹಾಗಾದ್ರೆ, ನಾಳೆ ಮನೆಗೆ," ಎಂದರು. ಆ ನಗು ಹೆರಿಗೆ ವಾರ್ಡಿನ ಬಾಗಿಲಿನಿಂದ ನೀರಿನ ನಲ್ಲಿಯವರೆಗೆ ಬಾಳಿತು. ನಲ್ಲಿಯ ಹತ್ತಿರ ಬಾಟಲಿ ತುಂಬಿಸುತ್ತಿದ್ದಾಗ ಅವರಿಗೆ ನೆನಪಾದದ್ದು ಹಿಂದಿನ ವರ್ಷ ತಾವೊಬ್ಬರೇ ಬಾಗಿಲು ಹಾಕಿಕೊಂಡು ಮಾಡಿದ್ದ ನಡುವಿನ ಎಣಿಕೆ. ಅರ್ಧ ದಾರಿಯಲ್ಲಿ ಒಮ್ಮೆ ನೋಡಬೇಕು, ನೋಡಿದವರು ಬಾಯಿ ಬಿಡಬಾರದು, ಅದು ನಿಯಮ. ಒಂದು ದಿನದ ಗುಂಪಿನಲ್ಲಿ ವಾಪಸ್ ಬಂದವರು ಆಗಲೇ ಸ್ವಲ್ಪ ಹೆಚ್ಚಿದ್ದರು. ಆದರೆ ಅಧ್ಯಯನ ನಿಲ್ಲಿಸುವಷ್ಟು ಸಾಕ್ಷಿ ಇರಲಿಲ್ಲ. "ಹೇಳುವಂಥದ್ದೇನೂ ಇಲ್ಲ, ಮುಂದುವರಿಸಬಹುದು," ಎಂದು ಅವರು ಬರೆದುಕೊಟ್ಟಿದ್ದರು. ಸುಳ್ಳಲ್ಲ. ಯಾವ ಪುಸ್ತಕ ತೆಗೆದರೂ ಅದೇ ಉತ್ತರ. ಅಷ್ಟೊಂದು ಪರರ ಹೆಣ್ಣುಮಕ್ಕಳಿಗೆ ಸಾಲದಿದ್ದ ಸಾಕ್ಷಿ, ನಲ್ಲಿಯ ಮುಂದೆ ಬಾಟಲಿ ತುಂಬಿ ನೀರು ಪಾದದ ಮೇಲೆ ಹರಿಯುವಷ್ಟರಲ್ಲಿ, ತನ್ನ ಮಗಳಿಗೆ ಸಾಕಾಗಿಬಿಟ್ಟಿತು.

ಮಗಳು ಅಧ್ಯಯನದಿಂದ ಹೊರಗೆ ಬರುತ್ತೇನೆ ಎಂದು ಒಂದು ಮಾತು ಹೇಳಿದ್ದರೆ ಮುಗಿದಿತ್ತು. ಆ ಹಕ್ಕು ಎಲ್ಲರಿಗೂ ಇತ್ತು. ಆದರೆ ಲಕೋಟೆ ಮೇಷ್ಟ್ರ ಮಗಳೇ ಲಕೋಟೆಗೆ ಹೆದರಿ ಹೊರಬಂದಳು ಎಂಬುದು ಸಂಜೆಯೊಳಗೆ ಕ್ಯಾಂಟೀನಿಗೆ ಮುಟ್ಟುತ್ತಿತ್ತು. ಗೋಡೆ ನೋಡಿಕೊಂಡು ಹೋಗುವ ಆ ಡಾಕ್ಟರ್ ಹುಡುಗಿ ಅವತ್ತು ತಿರುಗಿ ಮುಖ ನೋಡುತ್ತಿದ್ದಳು. ಹಾಗಾಗಿ ಮೇಷ್ಟ್ರು ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವ ದಾರಿ ಹಿಡಿದರು. ಹಿರಿಯ ಸಿಸ್ಟರನ್ನು ಔಷಧಿ ಕಪಾಟಿನ ಮರೆಗೆ ಕರೆದು, "ಅವಳಿಗೆ ಸ್ವಲ್ಪ ತಲೆಸುತ್ತು ಅಂತಾಳೆ. ಇನ್ನೆರಡು ದಿನ ಇಲ್ಲೇ ಇದ್ರೆ..." ಎಂದು ವಾಕ್ಯವನ್ನು ಅರ್ಧಕ್ಕೇ ಬಿಟ್ಟರು. ಮಗಳಿಗೆ ತಲೆಸುತ್ತು ಇರಲಿಲ್ಲ. ಸಿಸ್ಟರ್ ಅವರ ಮುಖವನ್ನೇ ಒಂದು ಗಳಿಗೆ ನೋಡಿದಳು. ಇಪ್ಪತ್ತು ವರ್ಷ ವಾರ್ಡಿನಲ್ಲಿ ಕಳೆದವಳಿಗೆ ಯಾರ ತಲೆ ಸುತ್ತುತ್ತಿದೆ ಎಂದು ಹೇಳಿಕೊಡಬೇಕಿರಲಿಲ್ಲ. "ಒಂದು ಮಂಚ ಬೇಕಾಗತ್ತೆ ಸಾರ್. ನಾಳೆಗೆ ಎಲ್ಲಾ ಲೆಕ್ಕ ಹಾಕಿಟ್ಟಿದೀವಿ. ನೋಡ್ತೀನಿ," ಎಂದಳು. ಯಾರ ಮಂಚ ಎಂದು ಮೇಷ್ಟ್ರು ಕೇಳಲಿಲ್ಲ. ನಾಲಿಗೆಯ ತುದಿಗೆ ಬಂದಿತ್ತು ಪ್ರಶ್ನೆ. "ಥ್ಯಾಂಕ್ಸ್ ಸಿಸ್ಟರ್," ಎಂದು ಅದನ್ನು ನುಂಗಿಕೊಂಡರು.

ಮಾರನೆಯ ದಿನ, ಚೀಟಿ ಓದಿದ್ದರಲ್ಲಿ ತಪ್ಪಾಗಿತ್ತು, ನಿನಗೆ ಮೂರು ದಿನ ಎಂದು ಸಿಸ್ಟರ್ ಹೇಳಿದ್ದನ್ನು ಮಗಳು ನಂಬಿದಳು. ಪಕ್ಕದ ಮಂಚದವಳು ಬಟ್ಟೆ ಕಟ್ಟಿಕೊಳ್ಳುತ್ತಿದ್ದಳು. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಅಂಗಿಗೆ ಬಟನ್ ಹಾಕುವವಳು. ಎರಡೇ ಹಗಲಿನಲ್ಲಿ ಮಗಳಿಗೂ ಅವಳಿಗೂ ಯಾವ ಜನ್ಮದ ನಂಟೋ ಎಂಬಂತೆ ಸ್ನೇಹವಾಗಿ, ಬಟನ್ ಅಕ್ಕ ಎಂಬ ಹೆಸರೂ ಬಿದ್ದಿತ್ತು. ಮಗಳ ನೈಟಿಯ ಬಟನ್ನೊಂದು ಸಡಿಲವಾಗಿದ್ದದ್ದನ್ನು ಕಂಡು, ಪರ್ಸಿನಿಂದ ಸೂಜಿ ದಾರ ತೆಗೆದು ಹೊಲಿದು, ಹಲ್ಲಿನಲ್ಲಿ ದಾರ ಕಚ್ಚಿ ತುಂಡು ಮಾಡಿ, "ನಾ ಹಾಕಿದ ಬಟನ್ನು ಬಟ್ಟೆ ಹರಿದ್ರೂ ಕಿತ್ತುಬರಲ್ಲ," ಎಂದು ನಕ್ಕಿದ್ದಳು. ಮೇಷ್ಟ್ರು ಎದ್ದು ಅವಳ ಬ್ಯಾಗು ತೆಗೆದುಕೊಂಡರು. ಅವಳ ತಾಯಿ ಬೇಡವೆಂದರೂ ಬಿಡದೆ ಗೇಟಿನವರೆಗೆ ಹೊತ್ತುಕೊಂಡು ಹೋಗಿ, ಆಟೋ ನಿಲ್ಲಿಸಿ, ನಿಧಾನಕ್ಕೆ ಓಡಿಸಪ್ಪ, ಬಾಣಂತಿ ಇದಾಳೆ ಎಂದು ಚಾಲಕನಿಗೆ ಹೇಳಿದರು. ವಾಪಸ್ ಬರುವಾಗ ಅವರಿಗೆ ತಮ್ಮ ಬಗ್ಗೆ ಒಳ್ಳೆಯ ಭಾವನೆಯೇ ಇತ್ತು. ಎಷ್ಟು ಜನ ಗಂಡಸರು ಹೀಗೆ ಪರರ ಬ್ಯಾಗು ಹೊರುತ್ತಾರೆ? ಆ ಒಳ್ಳೆಯ ಭಾವನೆಯನ್ನು ನೆನೆಸಿಕೊಂಡಾಗಲೇ ಈಗ ಅವರಿಗೆ ಹೆಚ್ಚು ಹೇಸಿಗೆಯಾಗುವುದು. ಕಳ್ಳತನವನ್ನಾದರೂ ಮರೆಯಬಹುದು, ಕದ್ದ ಮನೆಯವರಿಗೆ ಬಾಗಿಲು ಹಾಕಿಕೊಟ್ಟು ಬಂದ ಉಪಕಾರವನ್ನು ಮರೆಯುವುದು ಕಷ್ಟ.

ಇನ್ನೂ ಒಂದು ಮಾತಿತ್ತು, ಅದು ಅವರನ್ನು ಕುರ್ಚಿಯಲ್ಲಿ ಕೂರಲು ಬಿಡುತ್ತಿರಲಿಲ್ಲ. ನಿಯಮದ ಪ್ರಕಾರ ಎಲ್ಲವೂ ಸರಿಯಿತ್ತು. ಲಕೋಟೆ ಯಾವ ಗುಂಪು ಹೇಳಿತೋ ಆ ಗುಂಪಿನಲ್ಲೇ ಎಣಿಸಬೇಕು, ಆಮೇಲೆ ಅವರು ಏನು ಮಾಡಿಕೊಂಡರೂ ಸರಿಯೇ. ಅವರೇ ಹಲಗೆಯ ಮೇಲೆ ಬರೆದು ಅಡಿಗೆರೆ ಎಳೆದು ಕಲಿಸಿದ ಪಾಠ. ಹಾಗಾಗಿ ಮೂರು ದಿನ ಮಲಗಿ, ಬಿಸಿ ಸಾರು ಕುಡಿದು, ದಿನಾ ಎರಡು ಸಲ ಜ್ವರ ನೋಡಿಸಿಕೊಂಡು ಚೆನ್ನಾಗಿ ಮನೆಗೆ ಬಂದ ಮಗಳು, ಒಂದೇ ದಿನಕ್ಕೆ ಹೋದರೂ ಏನೂ ಆಗುವುದಿಲ್ಲ ಎಂಬುದಕ್ಕೆ ಸಾಕ್ಷಿ. ಒಂದೇ ದಿನಕ್ಕೆ ಹೋಗಿ ಜ್ವರ ಹತ್ತಿಸಿಕೊಂಡು ಬಂದ ಬಟನ್ ಅಕ್ಕ, ಮೂರು ದಿನ ಇದ್ದರೂ ಏನು ಪ್ರಯೋಜನ ಎಂಬುದಕ್ಕೆ ಸಾಕ್ಷಿ. ನಿಯಮ ಸುಳ್ಳಲ್ಲ. ನಿಯಮವನ್ನು ಬಿಟ್ಟು ಎಣಿಸಿದರೆ ನಾಳೆ ಯಾರು ಬೇಕಾದರೂ ತಮಗೆ ಬೇಕಾದ ಹಾಗೆ ಜನರನ್ನು ಆಚೆ ಈಚೆ ಹಾಕಿಕೊಳ್ಳುತ್ತಾರೆ. ಅದಲ್ಲದೆ ಆ ಹುಡುಗಿ ಮೂರು ದಿನ ಇದ್ದಿದ್ದರೂ ಜ್ವರ ಬರುತ್ತಿತ್ತೋ ಏನೋ, ಒಬ್ಬಳ ಬಗ್ಗೆ ಸಂಖ್ಯಾಶಾಸ್ತ್ರ ಏನೂ ಹೇಳುವುದಿಲ್ಲ. ಮೇಷ್ಟ್ರು ಈ ವಾದವನ್ನು ಮನಸ್ಸಿನಲ್ಲೇ ಎರಡು ಮೂರು ಸಲ ಓಡಿಸಿ ನೋಡಿದರು. ಎಲ್ಲೂ ತಪ್ಪಿರಲಿಲ್ಲ. ತಪ್ಪೇ ಇಲ್ಲದ ವಾದ ಇಷ್ಟು ನಾರುವುದನ್ನು ಅವರು ಈ ಮೊದಲು ಕಂಡಿರಲಿಲ್ಲ.

ಮಧ್ಯಾಹ್ನ ಊಟದ ಡಬ್ಬಿಯನ್ನು ಹಾಗೇ ಮುಚ್ಚಿ ವಾರ್ಡಿಗೆ ಇಳಿದರು. ಮಂಚಗಳು ಒತ್ತೊತ್ತಾಗಿದ್ದವು. ಎರಡು ಮಂಚದ ನಡುವಿನ ಜಾಗದಲ್ಲೂ ಚಾಪೆ ಹಾಕಿ ಯಾರೋ ಮಲಗಿದ್ದರು, ಕಾಲಿಡಲು ಜಾಗ ಹುಡುಕಬೇಕು. ಕಿಟಕಿಯ ಪಕ್ಕದಲ್ಲಿ ಅವಳು ಒರಗಿ ಕೂತಿದ್ದಳು. ಕೈಗೆ ಸೂಜಿ ಚುಚ್ಚಿದಲ್ಲಿ ಹತ್ತಿ ಅಂಟಿಸಿತ್ತು, ತುಟಿ ಒಡೆದಿತ್ತು, ಎರಡು ವಾರದಲ್ಲಿ ಕುತ್ತಿಗೆಯ ಮೂಳೆ ಎದ್ದು ಬಂದಿತ್ತು. ಗುರುತು ಹಿಡಿದದ್ದು ಅವಳೇ. "ಅಯ್ಯೋ, ಬ್ಯಾಗ್ ಸಾರ್! ಬನ್ನಿ ಬನ್ನಿ. ಅಮ್ಮ, ನೋಡು, ಅವತ್ತು ನನ್ನ ಬ್ಯಾಗ್ ಹೊತ್ಕೊಂಡು ಬಂದಿದ್ರಲ್ಲ, ಅವರೇ." ಆಮೇಲೆ, "ನಿಮ್ಮ ಮಗಳು ಹೇಗಿದಾಳೆ? ಮಗು? ನನ್ನ ಫೋನು ಮನೇಲೇ ಬಿಟ್ಟು ಬಂದ್ವಿ, ಪಾಪ ಹುಡುಕ್ತಿದಾಳೇನೋ," ಎಂದಳು. ಚೆನ್ನಾಗಿದ್ದಾಳೆ ಎಂದರು ಮೇಷ್ಟ್ರು. ಏನಾಯಿತೆಂದು ಕೇಳಿದರು. ಈ ಸಲ ಕೇಳಿದರು. ಎರಡನೇ ದಿನದಿಂದಲೇ ಚಳಿ ಬಂದು ಬಂದು ಹೋಗುತ್ತಿತ್ತಂತೆ. ಹಾಲು ಕಟ್ಟಿಕೊಂಡಿದ್ದಕ್ಕೆ ಹಾಗಾಗುತ್ತದೆ ಎಂದು ಸುಮ್ಮನಿದ್ದಳಂತೆ. ಮನೆಯಲ್ಲಿ ಜ್ವರ ನೋಡುವ ಕಡ್ಡಿ ಎಲ್ಲಿಂದ ಬರಬೇಕು. ಕಣ್ಣು ಕತ್ತಲೆ ಬಂದು ಒಲೆಯ ಮುಂದೆ ಬಿದ್ದ ಮೇಲೆ ಕರೆತಂದರಂತೆ. "ಈಗ ಬಿಟ್ಟಿದೆ ಸಾರ್. ಸಂಜೆ ಹೋಗು ಅಂದಿದಾರೆ. ಮಂಚ ಬೇಕಂತೆ."

"ಅವತ್ತು ಅಷ್ಟು ಬೇಗ ಯಾಕೆ ಹೋದ್ಯಮ್ಮ?" ಎಂದುಬಿಟ್ಟರು ಮೇಷ್ಟ್ರು.

"ನಾನೆಲ್ಲಿ ಹೋದೆ? ಚೀಟಿ ಕಳಿಸ್ತು. ಅವತ್ತು ನನ್ನ ಚೀಟಿ ಓದಿದಾಗ ಮೂರು ಅಂದ ಹಾಗೆ ಕೇಳಿಸಿತ್ತು. ಬೆಳಿಗ್ಗೆ ಸಿಸ್ಟರ್ ಬಂದು, ಇಲ್ಲ ಕಣೇ, ಒಂದೇ ದಿನ ಬಂದಿರೋದು ಅಂದ್ರು. ಹೆರಿಗೆ ಸುಸ್ತಲ್ವಾ, ತಪ್ಪು ಕೇಳಿಸ್ಕೊಂಡಿದ್ದೆ ಅನ್ಸತ್ತೆ." ಅವಳು ಮಗುವಿನ ಮುಖದ ಮೇಲಿನ ನೊಣ ಓಡಿಸಿದಳು. "ನಿಮ್ಮ ಮಗಳ ಅದೃಷ್ಟ ಚೆನ್ನಾಗಿತ್ತು, ಮೂರು ಬಂತು. ನಂಗೆ ಒಂದು. ಯಾರನ್ನ ಬೈಯೋಣ ಸಾರ್? ದುಡ್ಡಿದ್ದೋರು ಇಲ್ಲದೋರು ಅಂತ ನೋಡಲ್ಲ ಆ ಲಕೋಟೆ, ಎಲ್ಲರಿಗೂ ಒಂದೇ ಅಂತ ಸಿಸ್ಟರ್ ಮೊದಲೇ ಹೇಳಿದ್ರು. ಅದಕ್ಕೇ ನಾನು ಒಪ್ಪಿದ್ದು."

ಮೇಷ್ಟ್ರು ಚಾಪೆಗಳನ್ನು ದಾಟಿಕೊಂಡು ಹೊರಬಂದರು. ಮೆಟ್ಟಿಲು ಹತ್ತುವಾಗ ಎರಡನೇ ಮಹಡಿಯಲ್ಲಿ ಕಟಕಟೆ ಹಿಡಿದು ನಿಂತರು. ಕೆಳಗೆ ಒಬ್ಬ ಕೆಲಸದವಳು ಬಕೀಟಿನ ನೀರಲ್ಲಿ ಒರೆಸುವ ಬಟ್ಟೆ ಅದ್ದಿ ಹಿಂಡುತ್ತಿದ್ದಳು. ಕರಿ ಕಾಗದ ಹಾಕಿದ್ದು ಯಾರೂ ಒಳಗೆ ಇಣುಕದಿರಲೆಂದು. ಆ ಬಟನ್ ಅಕ್ಕನಂಥವರು ನಂಬಲೆಂದೇ ಹಾಕಿದ್ದು. ಅವಳು ನಂಬಿದಳು. ತನ್ನ ಕಿವಿಯನ್ನು ನಂಬದೆ ತಮ್ಮ ಲಕೋಟೆಯನ್ನು ನಂಬಿದಳು. ಇದಕ್ಕೆ ಯಾವ ಪರೀಕ್ಷೆ ಹಾಕಲಿ ಎಂದು ಯಾರನ್ನು ಕೇಳುವುದು.

ವಿಭಾಗದ ಮುಖ್ಯಸ್ಥೆ, ಎಲ್ಲರಿಗೂ ಬರೀ ಮೇಡಂ, ಆಪರೇಷನ್ ಮುಗಿಸಿ ಬಂದು ಸ್ಟೂಲಿನ ಮೇಲೆ ಕಾಲು ಚಾಚಿ ಚಹಾ ಕುಡಿಯುತ್ತಿದ್ದರು. ಪಾದ ಊದಿಕೊಂಡಿತ್ತು. "ಬನ್ನಿ ಮೇಷ್ಟ್ರೇ. ನಿಮ್ಮ ಒಂದು ವಾಕ್ಯಕ್ಕೆ ಕಾಯ್ತಿದೀನಿ. ವ್ಯತ್ಯಾಸ ಇಲ್ಲ ಅಂತ ಬರೆದುಕೊಡಿ, ಮುಂದಿನ ವಾರದಿಂದ ಎಲ್ಲರಿಗೂ ಒಂದೇ ದಿನ. ಕೆಳಗೆ ನೋಡಿದ್ರಲ್ಲ, ಚಾಪೆ ಮೇಲೆ ಮಲಗಿಸ್ತಿದೀನಿ. ನಂಗೇನು ಖುಷಿನಾ?"

"ವ್ಯತ್ಯಾಸ ಇಲ್ಲ ಅಂತ ಬರೆಯೋಕೆ ಬರಲ್ಲ ಮೇಡಂ. ವ್ಯತ್ಯಾಸ ಇದೆ ಅಂತ ತೋರಿಸೋಕೆ ಆಗಲಿಲ್ಲ ಅಂತ ಬರೀಬಹುದು."

"ಎರಡೂ ಒಂದೇ ಅಲ್ವಾ?"

"ಕತ್ತಲೆ ಕೋಣೇಲಿ ತಡಕಾಡಿ ಬೀಗದಕೈ ಸಿಗಲಿಲ್ಲ ಅಂದ್ರೆ, ಬೀಗದಕೈ ಇಲ್ಲ ಅಂತಲ್ಲ. ನಾವು ತಡಕಿರೋ ಜಾಗ ಚಿಕ್ಕದು. ಹನ್ನೊಂದು ನಾಲ್ಕು ಅನ್ನೋದು ಕಮ್ಮಿ ಅಂತರ ಅಲ್ಲ."

"ಅಡ್ಡಗೋಡೆ ಮೇಲೆ ದೀಪ ಇಡ್ತಿದೀರಿ," ಎಂದು ಮೇಡಂ ಲೋಟ ಕೆಳಗಿಟ್ಟರು. "ಎರಡು ವರ್ಷ ನಮ್ಮನ್ನೆಲ್ಲ ಗೋಳು ಹುಯ್ಕೊಂಡು, ಈಗ ಹೌದೂ ಅಲ್ಲ ಇಲ್ಲಾನೂ ಅಲ್ಲ ಅಂದ್ರೆ? ಗೆರೆ ಐದಕ್ಕೆ ಅಂದವರು ನೀವೇ. ದಾಟಿಲ್ಲ. ಮುಗೀತು."

ಇಲ್ಲಿಗೇ ನಿಲ್ಲಿಸಬಹುದಿತ್ತು. ವಾದ ಮಾಡಬಹುದಿತ್ತು, ಪುಸ್ತಕ ತಂದು ತೋರಿಸಬಹುದಿತ್ತು, ಮೇಡಂ ಗೊಣಗುತ್ತಾ ಅರ್ಧ ಒಪ್ಪುತ್ತಿದ್ದರೇನೋ. ಶಾಸ್ತ್ರವೂ ಉಳಿಯುತ್ತಿತ್ತು, ಮಾನವೂ ಉಳಿಯುತ್ತಿತ್ತು, ಕೋಲೂ ಮುರಿಯುತ್ತಿರಲಿಲ್ಲ ಹಾವೂ ಸಾಯುತ್ತಿರಲಿಲ್ಲ. ಮೇಷ್ಟ್ರು ಮೇಜಿನ ಮೇಲಿನ ಗಾಜಿನ ಗುಂಡನ್ನು ತಿರುಗಿಸುತ್ತಾ, ಅದನ್ನೇ ನೋಡುತ್ತಾ, "ಒಂದು ಅದಲುಬದಲಾಗಿದೆ ಮೇಡಂ. ಒಂದೇ ಒಂದು. ನಾನೇ ಮಾಡಿಸಿದ್ದು. ನನ್ನ ಮಗಳಿಗೆ," ಎಂದರು. ಆಮೇಲೆ ನಡುವಿನ ಎಣಿಕೆಯನ್ನೂ ಹೇಳಿದರು, ಔಷಧಿ ಕಪಾಟಿನ ಮರೆಯನ್ನೂ ಹೇಳಿದರು. ಬ್ಯಾಗು ಹೊತ್ತದ್ದನ್ನು ಹೇಳಲಿಲ್ಲ.

ಮೇಡಂ ಬಾಗಿಲ ಕಡೆ ಒಮ್ಮೆ ನೋಡಿದರು. "ಇದು ಯಾರಿಗೆ ಗೊತ್ತು?"

"ಸಿಸ್ಟರಿಗೆ. ನನಗೆ. ಈಗ ನಿಮಗೆ."

"ಹಾಗಿದ್ರೆ ನನಗ್ಯಾಕೆ ಹೇಳಿದ್ರಿ?" ಎಂದರು ಮೇಡಂ. ಅವರ ದನಿಯಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ದಣಿವಿತ್ತು. "ಅಷ್ಟು ಜನರಲ್ಲಿ ಒಂದು ಅದಲುಬದಲು. ನಿಮ್ಮ ನಿಯಮದ ಪ್ರಕಾರ ಹೇಗೆ ಎಣಿಸಬೇಕು?"

"ಲಕೋಟೆ ಹೇಳಿದ ಗುಂಪಿನಲ್ಲೇ."

"ಮತ್ತೆ?"

"ಹಾಗೇ ಎಣಿಸ್ತೀನಿ. ಅದರ ಕೆಳಗೆ ಇನ್ನೊಂದು ಎಣಿಕೇನೂ ಕೊಡ್ತೀನಿ, ಯಾರು ನಿಜವಾಗಿ ಎಷ್ಟು ದಿನ ಇದ್ರು ಅಂತ. ಅದಲುಬದಲು ಯಾಕಾಯ್ತು, ಯಾರಿಂದಾಯ್ತು ಅಂತಾನೂ ಬರೀತೀನಿ. ಓದಿದವರು ತೀರ್ಮಾನ ಮಾಡಲಿ. ಒಂದೇ ದಿನ ಸಾಕು ಅನ್ನೋ ಮಾತು ಮಾತ್ರ ನನ್ನ ಕೈಯಿಂದ ಬರಲ್ಲ."

ಮೇಡಂ ಕಾಲು ಕೆಳಗಿಳಿಸಿ ಚಪ್ಪಲಿ ಹುಡುಕಿದರು. "ಬರೀರಿ. ನಿಮ್ಮನ್ನ ಇಲ್ಲಿ ಉಳಿಸ್ತಾರೋ ಇಲ್ವೋ ನಂಗೊತ್ತಿಲ್ಲ. ಆದ್ರೆ ಒಂದು ಕೆಲಸ ಮಾಡಿ. ಕೆಳಗೆ ಹೋಗಿ, ಆ ಚಾಪೆ ಮೇಲೆ ಮಲಗಿರೋರಿಗೆ ನೀವೇ ಹೇಳಿ, ಇನ್ನೊಂದು ವರ್ಷ ಹೀಗೇ ಮಲ್ಕೊಳ್ಳಿ ಅಂತ. ನಿಮ್ಮ ಶಾಸ್ತ್ರಕ್ಕೆ ಮಂಚ ಹಾಕೋಕೆ ಬರಲ್ಲ ನೋಡಿ." ಮೇಡಂ ಹೇಳಿದ್ದೂ ನಿಜವೇ ಆಗಿತ್ತು. ಎರಡು ನಿಜಗಳು ಒಂದೇ ಕೋಣೆಯಲ್ಲಿ ಕೂತಿದ್ದಾಗ ಯಾವುದನ್ನು ಎಬ್ಬಿಸಿ ಕಳಿಸಬೇಕೆಂದು ಅವರಿಗೆ ಯಾರೂ ಕಲಿಸಿರಲಿಲ್ಲ.

ಬೈಸಿಕೊಂಡ ಮೇಲೆ ಹಗುರಾಗುತ್ತದೆ ಎಂದುಕೊಂಡಿದ್ದರು. ಆಗಲಿಲ್ಲ. ಮೇಡಂ ಎದುರಿಗೆ ಹೇಳಿದ್ದು ಸುಲಭದ ಅರ್ಧ. ಅಲ್ಲಿ ಅವರು ತಪ್ಪು ಮಾಡಿಯೂ ಪ್ರಾಮಾಣಿಕ ಎನಿಸಿಕೊಳ್ಳಬಹುದಾದ ಮೇಷ್ಟ್ರು. ವಾರ್ಡಿಗೆ ಮತ್ತೆ ಇಳಿದಾಗ ಅವಳು ಹಾಸಿಗೆಯ ಮೇಲೆ ಬಟ್ಟೆ ಮಡಿಸುತ್ತಿದ್ದಳು, ಅದೇ ಬ್ಯಾಗು ಪಕ್ಕದಲ್ಲಿ ಬಾಯಿ ತೆರೆದುಕೊಂಡಿತ್ತು. ಅವಳ ತಾಯಿ ಔಷಧಿ ತರಲು ಹೋಗಿದ್ದಳು. ಮೇಷ್ಟ್ರು ನಿಂತೇ ಹೇಳಿದರು. ಕುಳಿತರೆ ಹೇಳಲಾಗದು ಎನಿಸಿತು.

"ನಿನ್ನ ಕಿವಿ ಸರಿಯಾಗೇ ಇತ್ತಮ್ಮ. ನಿನ್ನ ಲಕೋಟೇಲಿ ಮೂರೇ ಇತ್ತು. ನನ್ನ ಮಗಳದರಲ್ಲಿ ಒಂದು. ಅವಳನ್ನ ಉಳಿಸಿಕೊಳ್ಳೋಕೆ ನಾನು ಹೇಳ್ದೆ, ಅದಕ್ಕೆ ನಿನ್ನನ್ನ ಕಳಿಸಿದ್ರು. ಸಿಸ್ಟರ್ ತಪ್ಪಲ್ಲ. ನನ್ನ ಮಗಳಿಗೆ ಇದು ಗೊತ್ತೂ ಇಲ್ಲ."

ಅವಳು ಮಡಿಸುತ್ತಿದ್ದ ಲಂಗವನ್ನು ಮಡಿಲಲ್ಲಿ ಹಾಗೇ ಹಿಡಿದುಕೊಂಡಳು. ಬೈಯಲಿ ಎಂದು ಮೇಷ್ಟ್ರು ಕಾದರು. ಅಳಲಿ ಎಂದೂ ಕಾದರು. ಯಾವುದಾದರೊಂದು ಆದರೆ ತಾವು ಕ್ಷಮಿಸು ಎನ್ನಬಹುದಿತ್ತು. ಅವಳು ಅವರ ಮುಖ, ಬ್ಯಾಗು, ಮಗು, ಮತ್ತೆ ಅವರ ಮುಖ ನೋಡಿದಳು. ಕಾರ್ಖಾನೆಯಲ್ಲಿ ತಪ್ಪಿ ಹೊಲಿದ ಬಟನ್ ಎಲ್ಲಿಂದ ಬಿಚ್ಚುವುದೆಂದು ನೋಡುವವಳ ಹಾಗಿತ್ತು ಅವಳ ನೋಟ. ಆಮೇಲೆ ಬಹಳ ಸಾದಾ ದನಿಯಲ್ಲಿ, ಬರಬೇಕಾದ್ದನ್ನು ಕೇಳುವವರ ದನಿಯಲ್ಲಿ, "ಹಾಗಾದ್ರೆ ಉಳಿದ ಎರಡು ದಿನ ಈಗ ಕೊಡಿಸಿ," ಎಂದಳು. ಸಾರ್ ಎನ್ನಲಿಲ್ಲ.

ಮೇಷ್ಟ್ರು ಸಿಸ್ಟರ್ ಕೂರುವ ಮೇಜಿನ ಕಡೆ ನಡೆದರು. ಚಾಪೆಗಳ ನಡುವೆ ಹೆಜ್ಜೆ ಹುಡುಕಿಕೊಂಡು ಹೋಗಬೇಕಾಯಿತು. ಸಿಸ್ಟರ್ ತಲೆಯೆತ್ತಿ, ಅವರ ಮುಖ ನೋಡಿ, ಕೇಳುವ ಮೊದಲೇ, "ಆ ಕಿಟಕಿ ಪಕ್ಕದವಳಾ ಸಾರ್? ಇರಲಿ ಬಿಡಿ, ಇನ್ನೆರಡು ದಿನ ಇಟ್ಕೊಳ್ತೀನಿ. ನೀವೇನೂ ಯೋಚ್ನೆ ಮಾಡ್ಬೇಡಿ," ಎಂದಳು. ಥ್ಯಾಂಕ್ಸ್ ಎಂಬ ಮಾತು ಅವರ ಬಾಯಿಗೆ ತಾನಾಗಿಯೇ ಬಂತು. ಅದನ್ನು ತಡೆದು ಹಿಡಿದರು.

"ಇವಳನ್ನ ಉಳಿಸಿದ್ರೆ ಯಾರನ್ನ ಕಳಿಸ್ತೀರಿ ಸಿಸ್ಟರ್?"

ಸಿಸ್ಟರಿಗೆ ಆ ಪ್ರಶ್ನೆ ಇಷ್ಟವಾಗಲಿಲ್ಲ. ಪೆನ್ನಿನ ಮುಚ್ಚಳ ಹಾಕಿದಳು, ತೆಗೆದಳು. ಆಮೇಲೆ ಕೈ ಎತ್ತಿ ಬಾಗಿಲ ಹತ್ತಿರದ ಮಂಚ ತೋರಿಸಿದಳು. ಅಲ್ಲಿ ಒಬ್ಬಳು ಮಗುವಿಗೆ ಹಾಲು ಕೊಡುತ್ತಾ ಕೂತಿದ್ದಳು. ತನ್ನ ಕಡೆ ಬೆರಳು ತೋರಿಸಿದ್ದನ್ನು ಕಂಡು ಸೆರಗು ಸರಿಮಾಡಿಕೊಂಡು, ಯಾರೋ ಪರಿಚಯದವರೇ ಇರಬೇಕೆಂದು ಮೇಷ್ಟ್ರನ್ನು ನೋಡಿ ನಕ್ಕಳು.